ಆ ರಾತ್ರಿಯ ವರದಿಯನ್ನು ಇನ್ನೊಮ್ಮೆ ಓದಿಸಿ

ಪ್ರಶ್ನೆ: ನಾನು ಅರಸೀಕೆರೆ ಕಡೆಯವನು, ಬಸ್ ಚಾಲಕ. ನೈಟ್ ಡ್ಯೂಟಿಯಲ್ಲೇ ಅರ್ಧ ಆಯುಸ್ಸು ಕಳೆದಿದೆ. ಮಗಳಿಗೆ ಇಪ್ಪತ್ತು ವರ್ಷ, ಬಿಕಾಂ ಎರಡನೇ ವರ್ಷ ಓದುತ್ತಿದ್ದಾಳೆ. ಪಿಯುಸಿಯಿಂದಲೂ ಅವಳಿಗೆ ಕ್ಲಾಸಿನಲ್ಲಿ ನಿದ್ದೆ, ಬಸ್ಸಿನಲ್ಲಿ ನಿದ್ದೆ, ಒಮ್ಮೊಮ್ಮೆ ಊಟದ ತಟ್ಟೆಯ ಮುಂದೆಯೂ ನಿದ್ದೆ. ಬೈದೆ, ಮೊಬೈಲ್ ಕಿತ್ತಿಟ್ಟೆ. ರಕ್ತ ಕಡಿಮೆ ಇರಬೇಕು, ಥೈರಾಯ್ಡ್ ಇರಬೇಕು ಎಂದರು; ಪರೀಕ್ಷೆಯಲ್ಲಿ ಎರಡೂ ಸರಿಯಿದ್ದವು. ಖಿನ್ನತೆ ಎಂದು ಒಬ್ಬರು ಮಾತ್ರೆ ಕೊಟ್ಟರು. ಕೆಲವು ತಿಂಗಳು ತೆಗೆದುಕೊಂಡು, ಹೋದ ವರ್ಷ ನಿಲ್ಲಿಸಿದಳು. ಬೆಳಗಿನ ಜಾವ ಎಚ್ಚರವಾದರೂ ಕೈಕಾಲು ಆಡುವುದಿಲ್ಲ, ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತದೆ ಎಂದು ಅಳುತ್ತಾಳೆ. ಗಾಳಿ ಸೋಕಿದೆ ಎಂದು ನನ್ನ ತಾಯಿ ತಾಯಿತ ಕಟ್ಟಿಸಿದ್ದಾರೆ. ಬಹಳ ಮೆತ್ತಗಿನ ಹುಡುಗಿ ಮೇಡಂ. ತಮ್ಮ ನಗಿಸಿದರೆ ಕೈಯಲ್ಲಿನ ಲೋಟ ಬಿಟ್ಟು ಅಲ್ಲೇ ಕುಸಿದು ಕೂರುತ್ತಾಳೆ.

ಕೊನೆಗೆ ಬೆಂಗಳೂರಿನಲ್ಲಿ ರಾತ್ರಿಯಿಡೀ ವೈರ್ ಹಾಕಿ ಮಲಗಿಸಿದರು, ಮರುದಿನ ಹಗಲಲ್ಲೂ ಐದು ಸಲ ಮಲಗಿಸಿದರು. ‘ನಾರ್ಕೊಲೆಪ್ಸಿ ಟೈಪ್ 2’ ಎಂದು ಬರೆದುಕೊಟ್ಟರು. ಇನ್ನೊಬ್ಬ ಡಾಕ್ಟರು ಅದೇ ವರದಿ ನೋಡಿ, ‘ಇದು ಟೈಪ್ 1 ಇದ್ದರೂ ಇರಬಹುದು, ಬೆನ್ನಿನ ನೀರು ತೆಗೆದು ನೋಡಬೇಕಾಗುತ್ತೆ’ ಎನ್ನುತ್ತಾರೆ. ಯಂತ್ರ ತಪ್ಪು ತೋರಿಸಿತೇ? ಮತ್ತೆ ಅಷ್ಟು ದುಡ್ಡು ಹಾಕಬೇಕೇ? ನಾನು ಸ್ಟೇರಿಂಗ್ ಹಿಡಿದು ರಾತ್ರಿಯೆಲ್ಲ ನಿದ್ದೆ ತಡೆಯುತ್ತೇನೆ, ಮನಸ್ಸು ಮಾಡಿದರೆ ಇವಳಿಗೆ ಆಗುವುದಿಲ್ಲವೇ? ಮುಂದೆ ಮದುವೆ ಹೇಗೆ? ಈಗ ಸ್ಕೂಟಿ ಬೇರೆ ಕೇಳುತ್ತಿದ್ದಾಳೆ. ವರದಿಯ ಜೆರಾಕ್ಸ್ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪತ್ರವನ್ನೂ ವರದಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ಯಂತ್ರ ತಪ್ಪು ತೋರಿಸಿಲ್ಲ. ನನಗೆ ಕಂಡ ಮಟ್ಟಿಗೆ, ಟೈಪ್ ಯಾವುದು ಎಂದು ತೀರ್ಮಾನಿಸಲು ಬೇಕಾದ ಎರಡು ಸಂಗತಿಗಳೂ ಈಗಾಗಲೇ ನಿಮ್ಮ ಕೈಯಲ್ಲೇ ಇವೆ. ಒಂದು ಆ ರಾತ್ರಿಯ ದಾಖಲೆಯಲ್ಲಿದೆ. ಇನ್ನೊಂದನ್ನು ಮಗಳು ಮೆತ್ತಗಿನವಳು ಎಂದು ಹೇಳುವ ಭರದಲ್ಲಿ ನೀವೇ ಬರೆದಿದ್ದೀರಿ. ಇವೆರಡನ್ನೂ ಒಬ್ಬರೇ ವೈದ್ಯರು ಒಟ್ಟಿಗೆ ನೋಡಿದಂತೆ ಕಾಣುವುದಿಲ್ಲ. ಅದಾಗುವ ಮೊದಲು ಹೊಸ ಪರೀಕ್ಷೆಗೆ ದುಡ್ಡು ಹಾಕಬೇಡಿ.

ಮೊದಲು ರಾತ್ರಿಯ ದಾಖಲೆಯ ವಿಷಯ. ಈ ಪರೀಕ್ಷೆಗೆ ಬಂದವರೆಲ್ಲ ಮರುದಿನದ ಫಲಿತಾಂಶವನ್ನೇ ಮುಖ್ಯವೆಂದುಕೊಳ್ಳುತ್ತಾರೆ. ರಾತ್ರಿ ಮಲಗಿಸುವುದು ಗೊರಕೆ, ಉಸಿರುಕಟ್ಟುವಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು, ಮಲಗಿದವರು ಕನಿಷ್ಠ ಆರು ಗಂಟೆ ನಿದ್ದೆ ಮಾಡಿದರೇ ಎಂದು ನೋಡಿಕೊಳ್ಳಲು ಅಷ್ಟೇ ಎಂಬಂತೆ ಅದನ್ನು ದಾಟಿಹೋಗುವುದುಂಟು. ನಿಮ್ಮ ಮಗಳ ವರದಿಯಲ್ಲೂ ‘ಉಸಿರಾಟ ಸಹಜ’ ಎಂಬ ಸಾಲಿನ ಕೆಳಗೆ ಗೆರೆ ಎಳೆದು ಮುಂದಕ್ಕೆ ಹೋಗಿದ್ದಾರೆ. ಅದೇ ಪುಟದಲ್ಲಿ ಇನ್ನೆರಡು ಸಾಲು ಕೆಳಗೆ, ನಿದ್ದೆ ಹತ್ತಿದ ಆರನೇ ನಿಮಿಷಕ್ಕೆ ರೆಮ್ ನಿದ್ದೆ ಶುರುವಾಯಿತು ಎಂದಿದೆ. ಎರಡನೇ ವೈದ್ಯರ ಕಣ್ಣು ನಿಂತಿರುವುದು ಅಲ್ಲಿಯೇ ಇರಬೇಕು.

ರೆಮ್ ಎಂದರೆ ಕಣ್ಣುಗುಡ್ಡೆಗಳು ರೆಪ್ಪೆಯ ಒಳಗೆ ಚುರುಕಾಗಿ ಓಡಾಡುವ, ಎದ್ದುಕಾಣುವ ಕನಸುಗಳು ಬೀಳುವ ನಿದ್ದೆ. ಆಗ ಮೆದುಳು ಉಸಿರಾಟ ಮತ್ತು ಕಣ್ಣಿನ ಸ್ನಾಯುಗಳನ್ನು ಬಿಟ್ಟು ಉಳಿದ ಮೈಯನ್ನೆಲ್ಲ ಸಡಿಲ ಮಾಡಿಬಿಡುತ್ತದೆ. ಕನಸಿನಲ್ಲಿ ಓಡಿದರೂ ನಾವು ಹಾಸಿಗೆಯಿಂದ ಎದ್ದು ಓಡದಿರುವುದು ಇದರಿಂದಲೇ. ಸಾಮಾನ್ಯವಾಗಿ ಮಲಗಿದ ಒಂದೂವರೆ ಗಂಟೆಯ ಆಸುಪಾಸಿನಲ್ಲಿ, ಬೇರೆ ಹಂತಗಳೆಲ್ಲ ಆದಮೇಲೆ ರೆಮ್ ಬರುತ್ತದೆ. ರಾತ್ರಿ ನಿದ್ದೆಯಲ್ಲಿ ಅದು ಹದಿನೈದು ನಿಮಿಷದೊಳಗೆ ಬಂದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಟೈಪ್ 1 ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ರಾತ್ರಿಯ ದಾಖಲೆಯಲ್ಲಿ ಇದು ಸಿಗುತ್ತದೆ. ನಾರ್ಕೊಲೆಪ್ಸಿ ಇಲ್ಲದವರಲ್ಲಿ ಬಹಳ ಅಪರೂಪ. ಹಾಗಾಗಿ ಇದು ಕಾಣದಿದ್ದರೆ ಕಾಯಿಲೆ ಇಲ್ಲ ಎನ್ನಲಾಗದು. ಕಂಡಾಗ ಮಾತ್ರ ತೂಕವಿರುವ ಸಾಕ್ಷಿ.

ಇನ್ನು ನಿಮ್ಮ ಪತ್ರದಲ್ಲಿರುವ ಸಂಗತಿ. ತಮ್ಮ ನಗಿಸಿದಾಗ ಲೋಟ ಕೈಬಿಟ್ಟು ಕುಸಿದು ಕೂರುವುದು ಮೆತ್ತಗಿನ ಸ್ವಭಾವದಿಂದ ಅಲ್ಲ. ಇದು ಕ್ಯಾಟಪ್ಲೆಕ್ಸಿ ಇರಬಹುದು ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ. ಜೋರಾಗಿ ನಕ್ಕಾಗ, ತಮಾಷೆಯ ಮಾತನ್ನು ತಾನೇ ಹೇಳಲು ಹೊರಟಾಗ, ಬಹುದಿನ ಕಾಣದವರು ಎದುರಾದ ಸಂತೋಷದಲ್ಲಿ, ಕೆಲವೊಮ್ಮೆ ಸಿಟ್ಟಿನಲ್ಲಿ ಸ್ನಾಯುಗಳ ಬಲ ಏಕಾಏಕಿ ಇಳಿದುಹೋಗುತ್ತದೆ. ಮಂಡಿ ಮಡಚುತ್ತದೆ, ದವಡೆ ಜೋಲುತ್ತದೆ, ಕತ್ತು ವಾಲುತ್ತದೆ, ರೆಪ್ಪೆ ಇಳಿಯುತ್ತದೆ, ಮಾತು ತೊದಲುತ್ತದೆ. ಕೆಲವು ಸೆಕೆಂಡಿನಿಂದ ಹೆಚ್ಚೆಂದರೆ ಒಂದೆರಡು ನಿಮಿಷ ಇದ್ದು ತಾನಾಗಿ ಸರಿಹೋಗುತ್ತದೆ. ಅಷ್ಟೂ ಹೊತ್ತು ಎಚ್ಚರ ತಪ್ಪಿರುವುದಿಲ್ಲ. ಸುತ್ತಲಿನ ಮಾತೆಲ್ಲ ಕೇಳಿಸುತ್ತಿರುತ್ತದೆ. ರೆಮ್ ನಿದ್ದೆಯಲ್ಲಿ ಮೈಯನ್ನು ಸಡಿಲ ಮಾಡುವ ಏರ್ಪಾಡೇ ಎಚ್ಚರದ ನಡುವೆ ನುಗ್ಗಿಬರುವುದು ಇದು. ಬೆಳಗಿನ ಜಾವ ಕೈಕಾಲು ಆಡದಿರುವುದು, ಎದೆಯ ಮೇಲೆ ಯಾರೋ ಕೂತಂತಾಗುವುದು ಕೂಡ ಅದರದೇ ಇನ್ನೊಂದು ರೂಪ: ಮನಸ್ಸು ಎದ್ದಿರುತ್ತದೆ, ಮೈ ಇನ್ನೂ ಕನಸಿನ ನಿದ್ದೆಯಲ್ಲಿರುತ್ತದೆ. ಆರೋಗ್ಯವಂತರಿಗೂ ಅಪರೂಪಕ್ಕೆ ಹೀಗಾಗುವುದುಂಟು. ತಾಯಿತ ಇರಲಿ, ಅಜ್ಜಿಯ ಮನಸ್ಸಿಗೆ ಸಮಾಧಾನ. ಆದರೆ ಗಾಳಿ ಸೋಕಿದೆ ಎಂದು ಹುಡುಗಿಯ ಎದುರು ಮಾತ್ರ ಯಾರೂ ಹೇಳದಿರಲಿ. ಒಂದು ಹೆದರಿಕೆಯ ಮೇಲೆ ಇನ್ನೊಂದನ್ನು ಹೇರಬಾರದು.

ವರದಿಯ ಕೊನೆಯ ಪುಟದಲ್ಲಿ ‘ಕ್ಯಾಟಪ್ಲೆಕ್ಸಿ: ಇಲ್ಲ’ ಎಂದಿದೆ. ಮಗಳು ಸುಳ್ಳು ಹೇಳಿದಳು ಎಂದುಕೊಳ್ಳಬೇಡಿ. ‘ನಗುವಾಗ ಜ್ಞಾನ ತಪ್ಪಿ ಬೀಳ್ತೀಯಾ?’ ಎಂದು ಕೇಳಿದ್ದರೆ ಯಾವ ಹುಡುಗಿಯೂ ಇಲ್ಲ ಎಂದೇ ಹೇಳುತ್ತಾಳೆ, ಏಕೆಂದರೆ ಜ್ಞಾನ ತಪ್ಪುವುದಿಲ್ಲ. ಕೇಳಬೇಕಾದ ರೀತಿಯೇ ಬೇರೆ. ನಕ್ಕಾಗ ಮಂಡಿಯಲ್ಲಿ ಬಲ ಹೋದ ಹಾಗೆ ಆಗುತ್ತದೆಯೇ, ಕೈಯಲ್ಲಿರುವುದು ಜಾರುತ್ತದೆಯೇ, ಗೆಳತಿಯರ ಜೊತೆ ನಗಲು ಹಿಂಜರಿಯುತ್ತೀಯಾ, ನಗು ಬಂದರೆ ಮೊದಲೇ ಗೋಡೆ ಹಿಡಿದುಕೊಳ್ಳುತ್ತೀಯಾ? ಈ ಕೊನೆಯ ಎರಡನ್ನು ನಿಮ್ಮ ಮನೆಯವರು ಒಂದು ಸಂಜೆ ಅವಳ ಪಕ್ಕ ಕೂತು ಮೆಲ್ಲಗೆ ಕೇಳಲಿ. ಎಷ್ಟೋ ಹುಡುಗಿಯರು ವರ್ಷಗಟ್ಟಲೆ ನಗುವನ್ನೇ ನುಂಗಿಕೊಂಡು ಬದುಕುತ್ತಾರೆ, ಮನೆಯವರು ಅದನ್ನು ಗಂಭೀರ ಸ್ವಭಾವ ಎಂದುಕೊಂಡಿರುತ್ತಾರೆ. ತಮ್ಮನಿಗೂ ಒಂದು ಕೆಲಸ ಹೇಳಿ: ಮುಂದಿನ ಸಲ ಹಾಗಾದಾಗ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಲಿ, ಅಕ್ಕನಿಗೆ ಮೊದಲೇ ತಿಳಿಸಿ, ಅವಳ ಒಪ್ಪಿಗೆ ಪಡೆದು. ಅರ್ಧ ನಿಮಿಷದ ಅಂಥ ವಿಡಿಯೋ ತಜ್ಞರಿಗೆ ನಿಮ್ಮ ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ಹೇಳುತ್ತದೆ.

ಇವೆರಡನ್ನೂ ಒಟ್ಟಿಗೆ ನೋಡಬೇಕು ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿದ್ರೆಯ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣದ 2023ರ ಪರಿಷ್ಕೃತ ಆವೃತ್ತಿಯ ಪ್ರಕಾರ, ಕ್ಯಾಟಪ್ಲೆಕ್ಸಿ ಖಚಿತವಾಗಿದ್ದು ರಾತ್ರಿಯ ದಾಖಲೆಯಲ್ಲಿ ಹದಿನೈದು ನಿಮಿಷದೊಳಗೆ ರೆಮ್ ಬಂದಿದ್ದರೆ, ಹಗಲಿನ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆಯೇ ಟೈಪ್ 1 ಎನ್ನಬಹುದು. ನಿಮ್ಮ ಮಗಳಿಗೆ ಹಗಲಿನ ಪರೀಕ್ಷೆಯೂ ಸ್ಪಷ್ಟವಾಗಿಯೇ ಬಂದಿದೆ. ಎರಡೆರಡು ಗಂಟೆಗೊಮ್ಮೆ ಐದು ಸಲ ಮಲಗಿಸಿದಾಗ ಸರಾಸರಿ ಮೂರು ನಿಮಿಷಕ್ಕೆ ನಿದ್ದೆ ಹತ್ತಿದೆ, ಮೂರು ಸಲ ನೇರವಾಗಿ ರೆಮ್‌ಗೆ ಇಳಿದಿದ್ದಾಳೆ. ಎಂಟು ನಿಮಿಷ ಅಥವಾ ಅದಕ್ಕಿಂತ ಬೇಗ ನಿದ್ದೆ, ಕನಿಷ್ಠ ಎರಡು ಸಲ ರೆಮ್ ಎಂಬುದು ಅಲ್ಲಿನ ಅಳತೆ. ಎರಡೂ ಟೈಪಿಗೆ ಹಗಲಿನ ಅಳತೆ ಇದೊಂದೇ, ಹಾಗಾಗಿ ಅದರಿಂದ ಟೈಪ್ 1 ಮತ್ತು 2ರ ವ್ಯತ್ಯಾಸ ತಿಳಿಯುವುದಿಲ್ಲ. ಮೊದಲ ವೈದ್ಯರು ಟೈಪ್ 2 ಎಂದದ್ದು ‘ಕ್ಯಾಟಪ್ಲೆಕ್ಸಿ ಇಲ್ಲ’ ಎಂಬ ಆ ಒಂದು ಸಾಲನ್ನು ನಂಬಿ. ಆ ಸಾಲು ಬದಲಾದರೆ ಹೆಸರೂ ಬದಲಾಗುತ್ತದೆ.

ಒಳಗೆ ಏನಾಗಿದೆ ಎಂಬುದನ್ನೂ ಹೇಳುತ್ತೇನೆ. ‘ಮನಸ್ಸು ಮಾಡಿದರೆ ಆಗುವುದಿಲ್ಲವೇ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ. ನಮ್ಮ ಮೆದುಳಿನ ತಳಭಾಗದಲ್ಲಿ ಹೈಪೊಥಲಾಮಸ್ ಎಂಬ ಜಾಗವಿದೆ. ಅಲ್ಲಿ ಸುಮಾರು 70,000 ನರಕೋಶಗಳು ಒಂದು ರಾಸಾಯನಿಕವನ್ನು ತಯಾರಿಸುತ್ತವೆ. 1998ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಅದನ್ನು ಕಂಡುಹಿಡಿದು ಒರೆಕ್ಸಿನ್, ಹೈಪೊಕ್ರೆಟಿನ್ ಎಂದು ಎರಡು ಹೆಸರಿಟ್ಟವು. ನಿಮ್ಮ ವರದಿಗಳಲ್ಲಿ ಯಾವ ಹೆಸರು ಕಂಡರೂ ಎರಡೂ ಒಂದೇ. ಮರುವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಎಮ್ಯಾನುಯೆಲ್ ಮಿನ್ಯೋ ಅವರ ತಂಡ, ವಂಶಪಾರಂಪರ್ಯವಾಗಿ ನಾರ್ಕೊಲೆಪ್ಸಿ ಬಂದಿದ್ದ ಡೋಬರ್‌ಮನ್ ನಾಯಿಗಳಲ್ಲಿ ಈ ರಾಸಾಯನಿಕವನ್ನು ಗ್ರಹಿಸುವ ವ್ಯವಸ್ಥೆಯೇ ಕೆಟ್ಟಿರುವುದನ್ನು ತೋರಿಸಿತು. 2000ದಲ್ಲಿ ಮನುಷ್ಯರ ವಿಷಯವೂ ತಿಳಿಯಿತು: ಟೈಪ್ 1 ಇದ್ದವರ ಮೆದುಳಿನಲ್ಲಿ ಆ ಕೋಶಗಳ ಬಹುಪಾಲು ನಾಶವಾಗಿದ್ದವು, ಬೆನ್ನಿನ ನೀರಿನಲ್ಲಿ ಒರೆಕ್ಸಿನ್ ಇಲ್ಲವೇ ಇಲ್ಲ ಎನ್ನುವಷ್ಟು ಇಳಿದಿತ್ತು. ಮೈಯ ರೋಗನಿರೋಧಕ ವ್ಯವಸ್ಥೆಯೇ ತಪ್ಪಾಗಿ ಆ ಕೋಶಗಳ ಮೇಲೆ ತಿರುಗಿಬೀಳುತ್ತದೆ ಎಂಬುದಕ್ಕೆ ಬಲವಾದ ಪುರಾವೆಗಳಿವೆ. ನೀವು ಮೊಬೈಲ್ ಕೊಡಿಸಿದ್ದರಿಂದ, ಬೈದದ್ದರಿಂದ, ಬೈಯದೇ ಇದ್ದದ್ದರಿಂದ ಬಂದದ್ದಲ್ಲ ಇದು.

ಒರೆಕ್ಸಿನ್ ಇಲ್ಲದ ಮೆದುಳು ಚಿಲಕವಿಲ್ಲದ ಬಾಗಿಲಿನ ಹಾಗೆ. ಮುಚ್ಚಿದರೆ ಮುಚ್ಚಿಕೊಂಡಿರುವುದಿಲ್ಲ, ತೆರೆದರೆ ತೆರೆದೂ ನಿಲ್ಲುವುದಿಲ್ಲ. ಅದಕ್ಕೇ ಹಗಲು ನಿದ್ದೆ ನುಗ್ಗುತ್ತದೆ, ರಾತ್ರಿ ಎಚ್ಚರ ನುಗ್ಗುತ್ತದೆ. ಹಗಲೆಲ್ಲ ತೂಕಡಿಸುವವಳು ರಾತ್ರಿಯಾದರೂ ಗಾಢವಾಗಿ ಮಲಗಬೇಕಲ್ಲ ಎಂದು ಮನೆಯವರಿಗೆ ಅನ್ನಿಸುತ್ತದೆ. ಟೈಪ್ 1ರಲ್ಲಿ ಹಾಗಾಗುವುದಿಲ್ಲ. ಮಗಳ ವರದಿಯ ಮೇಲ್ಭಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದು ಚಿತ್ರವಿದೆ, ನೋಡಿ. ರಾತ್ರಿಯ ನಿದ್ದೆ ಯಾವ ಹೊತ್ತಿಗೆ ಯಾವ ಹಂತದಲ್ಲಿತ್ತು ಎಂದು ತೋರಿಸುವ ಗೆರೆ ಅದು. ಒಳ್ಳೆಯ ನಿದ್ದೆಯಲ್ಲಿ ಅದು ನಿಧಾನ ಇಳಿದು, ಅಲ್ಲೇ ಇದ್ದು, ನಿಧಾನ ಏರುತ್ತದೆ. ನಿಮ್ಮ ಮಗಳದ್ದು ರಾತ್ರಿಯಿಡೀ ಮೇಲಕ್ಕೂ ಕೆಳಕ್ಕೂ ಜಿಗಿದಾಡಿದೆ; ಮತ್ತೆಮತ್ತೆ ಎಚ್ಚರ, ಮತ್ತೆಮತ್ತೆ ತೆಳುನಿದ್ದೆ. ಟೈಪ್ 2 ಇರುವವರ ರಾತ್ರಿ ಸಾಮಾನ್ಯವಾಗಿ ಇಷ್ಟು ಒಡೆದಿರುವುದಿಲ್ಲ. ಅವರಲ್ಲಿ ಒರೆಕ್ಸಿನ್ ಪ್ರಮಾಣವೂ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಹಗಲಿನ ನಿದ್ದೆ ಮಾತ್ರ ಬಿಡುವುದಿಲ್ಲ, ಅದರ ಮೂಲ ಕಾರಣ ಇನ್ನೂ ಸಿಕ್ಕಿಲ್ಲ.

ರಾತ್ರಿಯ ದಾಖಲೆಯಿಂದ ಇನ್ನೂ ಹೆಚ್ಚಿನದನ್ನು ತೆಗೆಯಬಹುದು ಎಂದು 2018ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಡೆನ್ಮಾರ್ಕ್‌ನ ಸಂಶೋಧಕರು ತೋರಿಸಿದರು. ಲ್ಯಾಬಿನಲ್ಲಿ ಟೆಕ್ನಿಷಿಯನ್ ಇಡೀ ರಾತ್ರಿಯನ್ನು ಮೂವತ್ತು ಸೆಕೆಂಡಿನ ತುಂಡುಗಳಾಗಿ ನೋಡಿ, ಪ್ರತಿ ತುಂಡಿಗೂ ಎಚ್ಚರ, ತೆಳುನಿದ್ದೆ, ಗಾಢನಿದ್ದೆ, ರೆಮ್ ಎಂದು ಒಂದೇ ಹೆಸರು ಕೊಡುತ್ತಾರೆ. ಟೈಪ್ 1 ಇರುವವರಲ್ಲಿ ಒಂದೇ ತುಂಡಿನೊಳಗೆ ಎಚ್ಚರವೂ ರೆಮ್ಮೂ ಬೆರೆತಿರುತ್ತವೆ, ಒಂದು ಹೆಸರಿಗೆ ಅದು ಸಿಗುವುದಿಲ್ಲ. ಆ ಸಂಶೋಧಕರು ಸಾವಿರಾರು ದಾಖಲೆಗಳ ಮೇಲೆ ಕಂಪ್ಯೂಟರನ್ನು ಪಳಗಿಸಿ, ಪ್ರತಿ ತುಂಡಿನಲ್ಲೂ ಯಾವ ಹಂತ ಎಷ್ಟು ಪಾಲು ಇದೆ ಎಂದು ಅಳೆಸಿದರು. ಬರೀ ಒಂದು ರಾತ್ರಿಯ ದಾಖಲೆಯಿಂದ, ಟೈಪ್ 1 ಇದ್ದ ನೂರರಲ್ಲಿ 91 ಮಂದಿಯನ್ನು ಅದು ಗುರುತಿಸಿತು. ಇಲ್ಲದ ನೂರರಲ್ಲಿ 96 ಮಂದಿಯನ್ನು ಇಲ್ಲವೆಂದೇ ಹೇಳಿತು. ಇದು ಗುರುತಿಸುವುದು ಟೈಪ್ 1ನ್ನು ಮಾತ್ರ, ಟೈಪ್ 2ಕ್ಕೆ ಅಂಥ ಸ್ಪಷ್ಟ ಗುರುತು ಅದರಲ್ಲಿ ಸಿಗಲಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಇದನ್ನೇ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ರಾತ್ರಿಯ ಆ ಸಾವಿರ ತುಂಡುಗಳಲ್ಲಿ ಎಷ್ಟು ಮಾಹಿತಿ ಇದೆ ಎಂಬುದು ನಿಮಗೆ ತಿಳಿಯಲಿ ಎಂದು ಹೇಳಿದೆ. ಆಸ್ಪತ್ರೆಯಿಂದ ಮುದ್ರಿತ ವರದಿ ಮಾತ್ರವಲ್ಲ, ಮೂಲ ದಾಖಲೆಯ ಕಂಪ್ಯೂಟರ್ ಪ್ರತಿಯನ್ನೂ ಕೇಳಿ ಪಡೆದುಕೊಳ್ಳಿ. ಇನ್ನೊಬ್ಬ ತಜ್ಞರು ಅದನ್ನು ತೆರೆದು ನೋಡಿದರೆ ಮಗಳು ಮತ್ತೆ ವೈರ್ ಹಾಕಿಸಿಕೊಂಡು ಮಲಗುವುದು ತಪ್ಪಬಹುದು.

ಈಗ ನಿಮ್ಮ ನೈಟ್ ಡ್ಯೂಟಿಯ ವಿಷಯ. ನೀವು ತಡೆಯುವುದು ಹಗಲು ಮಲಗಿ ತೀರಿಸಬಹುದಾದ ನಿದ್ದೆಯ ಬಾಕಿಯನ್ನು. ತಡೆಯಲು ಬೇಕಾದ ಒರೆಕ್ಸಿನ್ ನಿಮ್ಮ ತಲೆಯಲ್ಲಿದೆ. ಅವಳು ಎಷ್ಟು ಮಲಗಿದರೂ ಬಾಕಿ ತೀರುವುದಿಲ್ಲ, ತಡೆಯುವ ಶಕ್ತಿಯೇ ಕರಗಿಹೋಗಿದೆ. ನಿಮ್ಮ ಕೆಲಸಕ್ಕೆ ಸಂಬಂಧಿಸಿದ ಇನ್ನೊಂದು ಮಾತೂ ಇಲ್ಲಿ ಬರುತ್ತದೆ. ಶಿಫ್ಟ್ ಕೆಲಸ ಮಾಡುವವರನ್ನು, ರಾತ್ರಿ ತಡವಾಗಿ ಮಲಗುವವರನ್ನು ತಯಾರಿಯಿಲ್ಲದೆ ಇದೇ ಹಗಲಿನ ಪರೀಕ್ಷೆಗೆ ಒಡ್ಡಿದರೆ, ಕಾಯಿಲೆ ಇಲ್ಲದೆಯೂ ಬೇಗ ನಿದ್ದೆ, ಬೇಗ ರೆಮ್ ಬಂದುಬಿಡಬಹುದು. ಅದಕ್ಕೇ ಪರೀಕ್ಷೆಗೆ ಮೊದಲು ಒಂದೆರಡು ವಾರ ಮಲಗುವ ಏಳುವ ಹೊತ್ತನ್ನು ಬರೆದಿಡಬೇಕು, ಅಥವಾ ಕೈಗೆ ಗಡಿಯಾರದಂಥ ಸಾಧನ ಕಟ್ಟಿ ದಾಖಲಿಸಬೇಕು. ನಿಮ್ಮ ಮಗಳ ಕಡತದಲ್ಲಿ ಆ ಹಾಳೆ ಕಾಣಲಿಲ್ಲ. ಬರೆದಿದ್ದರೆ ಹುಡುಕಿ ಜೊತೆಗಿಡಿ. ಖಿನ್ನತೆಯ ಮಾತ್ರೆಯ ಹೆಸರು, ನಿಲ್ಲಿಸಿದ ತಿಂಗಳು, ಇವನ್ನೂ ಬರೆದುಕೊಡಿ. ಆ ಬಗೆಯ ಹಲವು ಮಾತ್ರೆಗಳು ರೆಮ್ ನಿದ್ದೆಯನ್ನು ಅದುಮಿಡುತ್ತವೆ, ಕ್ಯಾಟಪ್ಲೆಕ್ಸಿಯನ್ನೂ ಮುಚ್ಚಿಡುತ್ತವೆ. ಹೋದ ವರ್ಷವೇ ನಿಲ್ಲಿಸಿದ್ದರೆ ಈ ಪರೀಕ್ಷೆಗೆ ಅದರಿಂದ ತೊಂದರೆಯಾಗಿರಲಾರದು. ಮಾತ್ರೆ ಬಿಟ್ಟಮೇಲೆಯೇ ಲೋಟ ಬೀಳುವುದು ಜಾಸ್ತಿಯಾಯಿತೇ ಎಂದು ನೆನಪು ಮಾಡಿಕೊಳ್ಳಿ. ಅದೂ ಒಂದು ಸುಳಿವು.

ಬೆನ್ನಿನ ನೀರು ತೆಗೆಯುವುದಕ್ಕೆ ನೀವು ಹೆದರಿದ್ದೀರಿ ಎಂಬುದು ಪತ್ರದಲ್ಲೇ ಗೊತ್ತಾಗುತ್ತದೆ. ಅನುಭವಿಗಳ ಕೈಯಲ್ಲಿ ಅದು ಅಪಾಯದ ಕೆಲಸವಲ್ಲ. ಒಂದೆರಡು ದಿನ ತಲೆನೋವು ಬರಬಹುದು. ಆ ನೀರಿನಲ್ಲಿ ಒರೆಕ್ಸಿನ್ ಪ್ರತಿ ಮಿಲಿಲೀಟರಿಗೆ 110 ಪಿಕೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಟೈಪ್ 1 ಖಚಿತ, ಕ್ಯಾಟಪ್ಲೆಕ್ಸಿ ಇರಲಿ ಬಿಡಲಿ. ಆದರೆ ಈ ಅಳತೆ ಊರೂರಿನ ಲ್ಯಾಬಿನಲ್ಲಿ ಆಗುವಂಥದ್ದಲ್ಲ. ತಜ್ಞರು ವಿಡಿಯೋ ನೋಡಿ ಕ್ಯಾಟಪ್ಲೆಕ್ಸಿ ಹೌದು ಎಂದರೆ ಅದರ ಅಗತ್ಯವೂ ಬೀಳುವುದಿಲ್ಲ. ಅವರಿಗೆ ಅನುಮಾನ ಉಳಿದರೆ ಮೊದಲು ಒಂದು ರಕ್ತಪರೀಕ್ಷೆಯ ಬಗ್ಗೆ ಕೇಳಿ: ಎಚ್‌ಎಲ್‌ಎ ಡಿಕ್ಯೂಬಿ1 06:02 ಎಂಬ ಆನುವಂಶಿಕ ಗುರುತು. ಟೈಪ್ 1 ಇರುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಇರುತ್ತದೆ. ಕಾಯಿಲೆಯಿಲ್ಲದ ಎಷ್ಟೋ ಜನರಲ್ಲೂ ಇರುವುದರಿಂದ, ಇದೆ ಎಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಇಲ್ಲ ಎಂದು ಬಂದರೆ ಮಾತ್ರ ಒರೆಕ್ಸಿನ್ ಕಡಿಮೆ ಇರುವ ಸಾಧ್ಯತೆ ತೀರಾ ಅಪರೂಪ, ಬೆನ್ನಿಗೆ ಸೂಜಿ ಹಾಕುವ ಮಾತನ್ನು ಬಿಡಬಹುದು.

ಒಂದು ವೇಳೆ ಅದು ಕ್ಯಾಟಪ್ಲೆಕ್ಸಿ ಅಲ್ಲವೆಂದೇ ತೀರ್ಮಾನವಾದರೆ, ಟೈಪ್ 2 ಎಂಬುದನ್ನು ಸದ್ಯದ ಹೆಸರು ಎಂದು ತಿಳಿಯಿರಿ. ಟೈಪ್ 2 ಎನಿಸಿಕೊಂಡ ಕೆಲವರಿಗೆ ವರ್ಷಗಳ ನಂತರ ಕ್ಯಾಟಪ್ಲೆಕ್ಸಿ ಶುರುವಾಗಿ ಹೆಸರು ಬದಲಾಗುತ್ತದೆ. ಇನ್ನು ಕೆಲವರಿಗೆ ಹಗಲಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದಾಗ ಮೊದಲಿನ ಫಲಿತಾಂಶವೇ ಬರುವುದಿಲ್ಲ. ಟೈಪ್ 1ರಲ್ಲಿ ಹೀಗೆ ಏರುಪೇರಾಗುವುದು ಕಡಿಮೆ.

ಹೆಸರು ಯಾವುದಾದರೇನು, ಮಾತ್ರೆ ಒಂದೇ ಅಲ್ಲವೇ ಎಂದು ಕೇಳಬಹುದು. ಹಗಲಿನ ನಿದ್ದೆಗೆ ಮೊಡಾಫಿನಿಲ್‌ನಂಥ ಮಾತ್ರೆ ಎರಡಕ್ಕೂ ಕೊಡುತ್ತಾರೆ, ನಿಜ. ಕ್ಯಾಟಪ್ಲೆಕ್ಸಿ ಇದ್ದರೆ ಅದಕ್ಕೆ ಬೇರೆಯೇ ಔಷಧ ಬೇಕು, ಉದಾಹರಣೆಗೆ ವೆನ್ಲಾಫ್ಯಾಕ್ಸಿನ್. ಅದನ್ನು ಶುರು ಮಾಡುವುದೂ ನಿಲ್ಲಿಸುವುದೂ ವೈದ್ಯರ ಮಾತಿನಂತೆಯೇ ಆಗಬೇಕು, ಥಟ್ಟನೆ ಬಿಟ್ಟರೆ ಬೀಳುವುದು ವಿಪರೀತವಾಗುತ್ತದೆ. ಇನ್ನೊಂದು ಕಾರಣ ಮುಂದಿನ ದಿನಗಳದ್ದು. ಒರೆಕ್ಸಿನ್ ಮಾಡಬೇಕಾದ ಕೆಲಸವನ್ನೇ ಮಾಡುವ ಮಾತ್ರೆಗಳ ಪ್ರಯೋಗಗಳು ರೋಗಿಗಳ ಮೇಲೆ ನಡೆದಿದ್ದು, ಟೈಪ್ 1ರಲ್ಲಿ ಒಳ್ಳೆಯ ಫಲಿತಾಂಶ ಬಂದಿದೆ. ಅಂಥ ಔಷಧ ನಮ್ಮಲ್ಲಿಗೆ ಬಂದಾಗ ನಿಮ್ಮ ಮಗಳ ಕಡತದಲ್ಲಿ ಸರಿಯಾದ ಹೆಸರು ಇರಬೇಕು.

ಹಾಗಾಗಿ ಆ ಎರಡನೇ ವೈದ್ಯರ ಬಳಿಗೇ ಹೋಗಿ, ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂಥ, ನಿದ್ರಾ ಪ್ರಯೋಗಾಲಯವೂ ನರರೋಗ ತಜ್ಞರೂ ಇರುವ ಕಡೆಗೆ ಹೋಗಿ. ಮೂಲ ದಾಖಲೆ, ವಿಡಿಯೋ, ಮಾತ್ರೆಗಳ ಪಟ್ಟಿ, ಎರಡು ವಾರದ ನಿದ್ದೆಯ ಹಾಳೆ ಇಷ್ಟು ಕೈಯಲ್ಲಿರಲಿ. ಮಗಳು ಮಾತಾಡಲಿ, ನೀವು ಪಕ್ಕದಲ್ಲಿರಿ.

ಕಾಲೇಜಿನ ಪ್ರಾಂಶುಪಾಲರಿಗೆ ವೈದ್ಯರ ಪತ್ರ ಕೊಡಿ. ಮಧ್ಯಾಹ್ನ ಹದಿನೈದಿಪ್ಪತ್ತು ನಿಮಿಷ ಮಲಗಲು ಒಂದು ಜಾಗ ಸಿಕ್ಕರೆ ಮುಂದಿನ ಎರಡು ತರಗತಿ ಅವಳಿಗೆ ದಕ್ಕುತ್ತವೆ. ಮದುವೆಯ ವಿಷಯದಲ್ಲಿ ಅವಸರವೂ ಬೇಡ, ಮುಚ್ಚುಮರೆಯೂ ಬೇಡ. ಹತ್ತಿರದ ರಕ್ತಸಂಬಂಧಿಗಳಿಗೆ ಈ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ ಒಂದೆರಡು ಅಷ್ಟೇ. ಆದರೆ ಮೊಡಾಫಿನಿಲ್ ತೆಗೆದುಕೊಳ್ಳುವಾಗ ಗರ್ಭನಿರೋಧಕ ಮಾತ್ರೆಗಳ ಶಕ್ತಿ ಕುಗ್ಗುತ್ತದೆ, ಗರ್ಭಿಣಿಯಾಗುವ ಯೋಚನೆ ಇದ್ದರೆ ಔಷಧವನ್ನು ಮೊದಲೇ ವೈದ್ಯರೊಡನೆ ಕೂತು ಬದಲಿಸಿಕೊಳ್ಳಬೇಕು. ಇದನ್ನು ಅವಳಿಗೆ ಅವಳ ಅಮ್ಮ ಈಗಲೇ ತಿಳಿಸಿಡಲಿ.

ಸ್ಕೂಟಿ ಸದ್ಯಕ್ಕೆ ಬೇಡ. ಅದನ್ನು ಶಿಕ್ಷೆಯಂತೆ ಹೇಳದೆ, ಕಾರಣ ವಿವರಿಸಿ ಹೇಳಿ. ರಸ್ತೆಯ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿದರೆ ಏನಾಗುತ್ತದೆ ಎಂದು ಅವಳಿಗೆ ನಿಮಗಿಂತ ಚೆನ್ನಾಗಿ ತಿಳಿಸುವವರು ಯಾರೂ ಇಲ್ಲ. ಔಷಧ ಹೊಂದಿಕೊಂಡ ಮೇಲೆ ಎಚ್ಚರವಾಗಿರುವ ಶಕ್ತಿಯನ್ನೇ ಅಳೆಯುವ ಪರೀಕ್ಷೆಯೊಂದಿದೆ: ಮಂದ ಬೆಳಕಿನ ಕೋಣೆಯಲ್ಲಿ ನಲವತ್ತು ನಿಮಿಷದಂತೆ ನಾಲ್ಕು ಸಲ ಸುಮ್ಮನೆ ಕೂರಿಸಿ, ನಿದ್ದೆ ಹೋಗದೆ ಇರಬಲ್ಲಳೇ ಎಂದು ನೋಡುತ್ತಾರೆ. ಅದು ಚೆನ್ನಾಗಿ ಬಂದು, ನಕ್ಕಾಗ ಕೈಕಾಲು ಸೋಲುವುದೂ ಹತೋಟಿಗೆ ಬಂದು, ವೈದ್ಯರು ಆಗಬಹುದು ಎಂದರೆ ಆಗ ಆ ಮಾತು ಎತ್ತಿ. ಅಲ್ಲಿಯವರೆಗೆ ಕಾಲೇಜಿಗೆ ಬಸ್ಸೇ ಇರಲಿ. ಅವಳು ಇಳಿಯುವ ನಿಲ್ದಾಣದಲ್ಲಿ ಎಬ್ಬಿಸುವಂತೆ ಆ ದಾರಿಯ ಕಂಡಕ್ಟರಿಗೆ ನೀವೇ ಒಂದು ಮಾತು ಹೇಳಿಡಿ.